ಸುಗುಣಾಳ ಶಾಕ ವ್ರತ

ನಾನು ಸಿಟ್ಟಿನ ಹೆಂಗಸು. ಕೋಲ್ಕತ್ತಾದ ಲೇಕ್ ಗಾರ್ಡನ್ಸ್‌ನಲ್ಲಿರುವ ನಾಲ್ಕಾರು ಕನ್ನಡದ ಮನೆಗಳಲ್ಲಿ ಯಾರನ್ನು ಕೇಳಿದರೂ ತುಳಸಿಯ ಬಾಯಿ ಎಂಥದೆಂದು ಹೇಳುತ್ತಾರೆ. ನಮ್ಮ ಯಜಮಾನರು ನಂಜುಂಡಪ್ಪನವರು ಸಿಯಾಲ್ದಾದ ರೈಲ್ವೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದರು. ನಾನು ಆ ಮೂವತ್ತೊಂದು ವರ್ಷವೂ ಭಾನುವಾರ ಬೆಳಿಗ್ಗೆ ಇಲ್ಲಿನ ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಹೇಳಿಕೊಟ್ಟೆ. ಒಂದು ಒತ್ತಕ್ಷರ ತಪ್ಪಿದರೂ ಕಿವಿ ಹಿಂಡುತ್ತಿದ್ದೆ. ಅಂಥವಳ ಎದುರಿನಲ್ಲೇ ಒಂದು ಮಾತು ತಪ್ಪಾಗಿ ಹೋಯಿತು. ಆಗ ನಾನು ಪಕ್ಕದ ಮೇಜಿನಲ್ಲಿ ಕೂತು ನೀರುದೋಸೆ ತಿನ್ನುತ್ತಿದ್ದೆ. ಆದ್ದರಿಂದ ಸುಗುಣಾಳ ಕಥೆ ಬರೆಯುವ ಶಿಕ್ಷೆ ನನ್ನ ಪಾಲಿಗೇ ಬಂದಿದೆ.

ಸುಗುಣಾ ಉಡುಪಿ ಹತ್ತಿರದ ಕಾಪು ಕಡೆಯವಳು. ಹತ್ತು ವರ್ಷದವಳಿದ್ದಾಗ ಅವಳಿಗೆ ಗಂಟಲು ನೋವು ಬಂದು, ಅದರ ಬೆನ್ನಿಗೆ ಜ್ವರ ಬಂದು, ಮೊಣಕಾಲು ಮಣಿಕಟ್ಟು ಊದಿಕೊಂಡು ಮೂರು ವಾರ ಮಲಗಿದ್ದಳಂತೆ. ಕಷಾಯ ಕುಡಿಸಿದರು, ಊತ ಇಳಿಯಿತು, ಎಲ್ಲರೂ ಮರೆತರು. ಕೀಲು ಬಿಟ್ಟ ಜ್ವರ ಹೃದಯದ ಒಂದು ಕವಾಟವನ್ನು ಹಿಡಿದುಕೊಂಡದ್ದು ಯಾರಿಗೂ ಗೊತ್ತಾಗಲಿಲ್ಲ. ಇಪ್ಪತ್ತೊಂದಕ್ಕೆ ತ್ರಿವಿಕ್ರಮ ಭಟ್ಟರನ್ನು ಮದುವೆಯಾಗಿ ಕೋಲ್ಕತ್ತಾಗೆ ಬಂದಳು. ಭಟ್ಟರದು ಲೇಕ್ ಗಾರ್ಡನ್ಸ್ ಸ್ಟೇಷನ್ ಪಕ್ಕದಲ್ಲಿ ಆರು ಮೇಜಿನ ಹೋಟೆಲು. ಸುಗುಣಾ ಹಿಂದಿನ ಅಡುಗೆಮನೆಯಲ್ಲಿ ಇಪ್ಪತ್ತೈದು ವರ್ಷ ಹಿಟ್ಟು ರುಬ್ಬಿದಳು, ಚಟ್ನಿ ಕಡೆದಳು, ಮಗಳು ದೀಕ್ಷಾಳನ್ನು ಬೆಳೆಸಿದಳು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಬಂದರೆ ಒಂದು ನಿಮಿಷ ಗೋಡೆ ಹಿಡಿದು ನಿಂತು, ಯಾರಾದರೂ ನೋಡಿದರೆ ಸೀರೆಯ ನೆರಿಗೆ ಸರಿ ಮಾಡಿಕೊಳ್ಳುವವಳಂತೆ ನಟಿಸುತ್ತಿದ್ದಳು.

ಭಟ್ಟರು ಒಳ್ಳೆಯವರು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೆ ಮನಸ್ಸು ಬರುವುದೋ ಇಲ್ಲವೋ. ಅವರಿಗಿದ್ದದ್ದು ಒಂದೇ ಜಂಬ, ತಮ್ಮ ಬಂಗಾಳಿಯದು. ಬೆಳಿಗ್ಗೆ ಬಂಗಾಳಿ ಪೇಪರು ಓದುತ್ತಿದ್ದರು, ಗಿರಾಕಿಗಳ ಜತೆ ಗ್ರಾಂಥಿಕ ಶಬ್ದಗಳನ್ನು ಹಾಕಿ ಮಾತಾಡುತ್ತಿದ್ದರು. ಹುಡುಗಾಟಕ್ಕೆ ಜನ ಅವರನ್ನು ‘ಭಟ್ಟಾಚಾರ್ಯ ಮೊಶಾಯ್’ ಎಂದು ಕರೆದರೆ ಉಬ್ಬಿಹೋಗುತ್ತಿದ್ದರು. ಹೆಂಡತಿ ಹೊರಗಿನವರ ಹತ್ತಿರ ಬಾಯಿ ತೆರೆದರೆ ಸಾಕು, “ನೀ ಸುಮ್ಮನಿರು ಮಾರಾಯ್ತಿ, ನಾನು ಹೇಳ್ತೇನೆ” ಎನ್ನುತ್ತಿದ್ದರು. ಸುಗುಣಾಳಿಗೆ ಬಂಗಾಳಿ ಬರುವುದಿಲ್ಲ ಎಂದೇ ಅವರ ನಂಬಿಕೆ.

ಆದರೆ ಅವಳಿಗೆ ಬರುತ್ತಿತ್ತು. ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಬೆಳಗಿನ ಲೋಕಲ್ ರೈಲಿನಿಂದ ಇಳಿದ ಹಳ್ಳಿ ಹೆಂಗಸರು ಸೊಪ್ಪಿನ ಕಟ್ಟು ಹರಡಿಕೊಂಡು ಕೂರುತ್ತಾರೆ. ಅವರ ಹತ್ತಿರ, ಅದರಲ್ಲೂ ಬಸಳೆ ಮಾರುವ ಮಾಸಿಯ ಹತ್ತಿರ, ಸುಗುಣಾ ಕಲಿತ ಬಂಗಾಳಿ ಅದು. ಅಲ್ಲಿ ಸೊಪ್ಪೆಂದರೆ ಶಾಕ್. ನಮ್ಮ ಬಸಳೆಗೆ ಪೂಯಿ ಶಾಕ್, ಪಾಲಕ್‌ಗೆ ಪಾಲೋಂಗ್ ಶಾಕ್, ಕೆಂಪು ಹರಿವೆಗೆ ಲಾಲ್ ಶಾಕ್, ಹೀಗೆ ಇಪ್ಪತ್ತು ಸೊಪ್ಪಿನ ಹೆಸರು ಅವಳ ನಾಲಗೆಯ ತುದಿಯಲ್ಲಿದ್ದವು. ಜತೆಗೆ ನಾಲ್ಕು ಕ್ರಿಯಾಪದ. ‘ನೇಬೋ’, ತೆಗೆದುಕೊಳ್ಳುತ್ತೇನೆ, ‘ನೇಬೋ ನಾ’, ತೆಗೆದುಕೊಳ್ಳುವುದಿಲ್ಲ, ‘ಖಾಬೋ’, ತಿನ್ನುತ್ತೇನೆ, ‘ಖಾಬೋ ನಾ’, ತಿನ್ನುವುದಿಲ್ಲ. ಇಷ್ಟರಲ್ಲಿ ಅವಳ ಸಂಸಾರ ನಡೆಯುತ್ತಿತ್ತು. ನಾನು ನಗುತ್ತಿದ್ದೆ. “ಏನೇ ಸುಗುಣಾ, ನಾಲ್ಕು ಮಾತಲ್ಲಿ ಬಂಗಾಳ ಗೆದ್ಕೊಂಡ್ಯಲ್ಲೇ!” ಎಂದರೆ, “ಸಾಕಲ್ಲ ತುಳಸಕ್ಕ, ಬಸಳೆಗೆ ಅದಕ್ಕಿಂತ ಜಾಸ್ತಿ ಎಂತ ಮಾತಾಡ್ಲಿಕ್ಕುಂಟು” ಎನ್ನುತ್ತಿದ್ದಳು.

ನಲವತ್ತಾರನೆಯ ವಯಸ್ಸಿನಲ್ಲಿ ಒಂದು ದಿನ ರುಬ್ಬುವ ಯಂತ್ರದ ಪಕ್ಕದಲ್ಲೇ ಕುಸಿದಳು. ಆಗ ಗೊತ್ತಾಯಿತು, ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಸುಣ್ಣ ಕಟ್ಟಿ, ಬೆರಳು ತೂರದಷ್ಟು ಕಿರಿದಾಗಿದೆ ಎಂದು. ಬದಲಾಯಿಸಬೇಕು ಎಂದರು. ಸರ್ಜನ್ ಮೇಜಿನ ಮೇಲೆ ಎರಡು ಕವಾಟಗಳನ್ನಿಟ್ಟು ತೋರಿಸಿದರು. ಒಂದು ಕಪ್ಪಗೆ, ಗಟ್ಟಿಯಾಗಿ, ನಡುವೆ ಎರಡು ಅರ್ಧಚಂದ್ರದ ರೆಕ್ಕೆಗಳುಳ್ಳದ್ದು. ಇನ್ನೊಂದು ಮೆತ್ತಗೆ, ಬೆಳ್ಳಗೆ, ಚರ್ಮದಂತೆ.

“ಅದು ಎಂತದ್ರಲ್ಲಿ ಮಾಡಿದ್ದಂತೆ?” ಎಂದು ಸುಗುಣಾ ಗಂಡನನ್ನು ಕೇಳಿದಳು. ಭಟ್ಟರು ಆ ಕವಾಟವನ್ನು ಅವಳ ಕೈಯಿಂದ ದೂರ ಸರಿಸಿದರು. ಡಾಕ್ಟರು ತಾವೇ “ಗೋರು” ಎಂದರು. ಆ ಶಬ್ದಕ್ಕೆ ಅವಳಿಗೆ ಅನುವಾದ ಬೇಕಿರಲಿಲ್ಲ.

“ದನದ್ದಾ? ನಂಗೆ ಬೇಡ ಇವ್ರೇ. ಕಬ್ಬಿಣದ್ದೇ ಹಾಕ್ಲಿ.”

ಡಾಕ್ಟರು ನಕ್ಕು, ಈ ವಯಸ್ಸಿಗೆ ನಾನೂ ಅದನ್ನೇ ಹೇಳುತ್ತಿದ್ದೆ ಎಂದರು. ಮೆತ್ತನೆಯದು ಹತ್ತು ಹದಿನೈದು ವರ್ಷಕ್ಕೆ ಸವೆಯುತ್ತದೆ. ಗಟ್ಟಿಯದು ಜೀವನಪೂರ್ತಿ ಬಾಳುತ್ತದೆ, ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಬದುಕಿರುವ ತನಕ ರಕ್ತ ತೆಳು ಮಾಡುವ ಮಾತ್ರೆ ತಿನ್ನಬೇಕು. ಬಲ ಪಕ್ಕೆಲುಬುಗಳ ಸಂದಿನಿಂದ ಸಣ್ಣ ಗಾಯದಲ್ಲಿ ಮಾಡುವ ಕ್ರಮವೂ ಈಗ ಇದೆ, ಆದರೆ ಇಷ್ಟು ಸುಣ್ಣ ಕಟ್ಟಿದ್ದನ್ನು ಕೆರೆದು ತೆಗೆಯಲು ಎದುರಿನಿಂದಲೇ ತೆರೆಯುವುದು ವಾಸಿ ಎಂದರು. ನೂರರಲ್ಲಿ ತೊಂಬತ್ತಾರು ಮಂದಿ ನಡೆದುಕೊಂಡು ಮನೆಗೆ ಹೋಗುತ್ತಾರೆ ಎಂದರು. ಭಟ್ಟರು ತಮ್ಮ ಒಳ್ಳೆಯ ಬಂಗಾಳಿಯಲ್ಲಿ, ಉಳಿದ ನಾಲ್ವರು ಯಾರು ಎಂದು ಕೇಳಿದರಂತೆ.

ಎದೆಮೂಳೆಯನ್ನು ಉದ್ದಕ್ಕೆ ಗರಗಸದಲ್ಲಿ ಸೀಳಿ, ರಕ್ತವನ್ನು ಹೊರಗಿನ ಯಂತ್ರಕ್ಕೆ ತಿರುಗಿಸಿ, ತಣ್ಣನೆಯ ದ್ರವ ಹಾಯಿಸಿ ಹೃದಯವನ್ನು ನಿಲ್ಲಿಸಿದರು. ಒಂದೂಕಾಲು ಗಂಟೆ ಅದು ನಿಂತಿತ್ತು. ಹೊಸ ಕವಾಟವನ್ನು ಸುತ್ತಲೂ ಹೊಲಿದು, ಬೆಚ್ಚಗಿನ ರಕ್ತ ಬಿಟ್ಟಾಗ ತಾನಾಗಿ ಶುರುವಾಯಿತು. ಮೂಳೆಯನ್ನು ಉಕ್ಕಿನ ತಂತಿಯಿಂದ ಬಿಗಿದರು. ಹನ್ನೊಂದನೆಯ ದಿನ ಸುಗುಣಾ ಮನೆಗೆ ಬಂದಳು. ತೊಂಬತ್ತಾರರಲ್ಲಿ ಅವಳೂ ಒಬ್ಬಳಾಗಿದ್ದಳು.

ಆಮೇಲೆ ಸದ್ದು. ಫ್ಯಾನ್ ನಿಲ್ಲಿಸಿ ಅವಳ ಪಕ್ಕ ಕೂತರೆ ಎದೆಯೊಳಗಿಂದ ಟಿಕ್, ಟಿಕ್ ಎಂದು ಕೇಳುತ್ತಿತ್ತು. ಕಪ್ಪು ರೆಕ್ಕೆಗಳು ಮುಚ್ಚುವ ಸದ್ದು ಅದು. ದೀಕ್ಷಾ “ಅಮ್ಮಂಗೆ ಬ್ಯಾಟರಿ ಹಾಕಿದ್ದಾರೆ ಆಂಟಿ” ಎಂದು ತಮಾಷೆ ಮಾಡುತ್ತಿದ್ದಳು. ಸುಗುಣಾ ನಾಚಿಕೊಂಡು ಸೆರಗು ಹೊದೆಯುತ್ತಿದ್ದಳು, ಬಟ್ಟೆ ಹೊದೆಸಿದರೆ ಕೇಳಿಸುವುದಿಲ್ಲ ಎಂಬಂತೆ. ನನಗೆ ಆ ಸದ್ದು ಇಷ್ಟವಾಗಿತ್ತು. ಮೆಟ್ಟಿಲು ಹತ್ತಿ ಗೋಡೆ ಹಿಡಿಯದೆ ನೇರವಾಗಿ ಒಳಗೆ ಬಂದು “ಎಂತ ಅಕ್ಕ, ಕಾಫಿ ಆಯ್ತಾ” ಎನ್ನುವ ಸುಗುಣಾಳನ್ನು ನಾನು ಮೊದಲ ಸಲ ಕಂಡದ್ದು ಆ ಸದ್ದು ಬಂದ ಮೇಲೆ.

ಮಾತ್ರೆಯದು ಮಾತ್ರ ದೊಡ್ಡ ರಗಳೆ. ರಕ್ತ ಎಷ್ಟು ತೆಳುವಾಗಿದೆ ಎಂದು ಪರೀಕ್ಷೆ ಮಾಡಿಸಿ, ಅಂಕಿಯನ್ನು ಒಂದು ಹಳದಿ ಕಾರ್ಡಿನಲ್ಲಿ ಬರೆಸಬೇಕು. ಎರಡೂವರೆಯಿಂದ ಮೂರೂವರೆಯ ನಡುವೆ ಇರಬೇಕು. ಕಡಿಮೆಯಾದರೆ ಕವಾಟಕ್ಕೆ ರಕ್ತ ಕಟ್ಟುತ್ತದೆ, ಹೆಚ್ಚಾದರೆ ಎಲ್ಲಿಂದಲಾದರೂ ಸೋರುತ್ತದೆ. ಹಸಿರು ಸೊಪ್ಪಿನ ಸತ್ವ ಈ ಮಾತ್ರೆಗೆ ವಿರುದ್ಧ, ರಕ್ತವನ್ನು ಗಟ್ಟಿ ಮಾಡುವಂಥದು. ಡಾಕ್ಟರು ಸೊಪ್ಪು ತಿನ್ನಬೇಡಿ ಎನ್ನಲಿಲ್ಲ. “ವಾರಕ್ಕೆ ಎಷ್ಟು ತಿನ್ನುತ್ತೀರೋ ಅಷ್ಟನ್ನೇ ತಿನ್ನುತ್ತಿರಿ, ಮಾತ್ರೆಯನ್ನು ನಾವು ಅದಕ್ಕೆ ಹೊಂದಿಸುತ್ತೇವೆ” ಎಂದರು. ಸುಗುಣಾ ವಾರಕ್ಕೆ ನಾಲ್ಕು ದಿನ ಬಸಳೆ ತಿನ್ನುವವಳು. ಅದಕ್ಕೆ ತಕ್ಕಂತೆ ಮಾತ್ರೆಯ ಅಳತೆಯೂ ಜೋರಾಗಿಯೇ ನಿಂತಿತು. ತಿಂಗಳ ಪರೀಕ್ಷೆಯನ್ನು ನಮ್ಮ ಬೀದಿಯ ತುದಿಯ ಸಣ್ಣ ಕ್ಲಿನಿಕ್ಕಿನಲ್ಲಿ ಮಾಡಿಸುತ್ತಿದ್ದರು. ಅಲ್ಲಿನ ಹುಡುಗಿ ಕಾರ್ಡು ನೋಡಿ ಫೋನಿನಲ್ಲೇ ಮಾತ್ರೆ ಅರ್ಧ ಹೆಚ್ಚು, ಅರ್ಧ ಕಡಿಮೆ ಎಂದು ಹೇಳುತ್ತಿದ್ದಳು. ಮೂರು ವರ್ಷ ಎಲ್ಲ ಸರಿಯಾಗಿ ನಡೆಯಿತು.

ಈ ವರ್ಷದ ಆಷಾಢದಲ್ಲಿ ಸುಗುಣಾ ನನ್ನ ಹತ್ತಿರ ಬಂದು, “ತುಳಸಕ್ಕ, ಈ ಸಲ ನಾನು ಚಾತುರ್ಮಾಸ್ಯ ಹಿಡೀತೇನೆ” ಎಂದಳು.

“ಅದೇನೇ ಅದು?”

“ನಾಲ್ಕು ತಿಂಗಳ ವ್ರತ. ಮೊದಲ ತಿಂಗಳು ಶಾಕ ವ್ರತ. ತರಕಾರಿ ಇಲ್ಲ, ಸೊಪ್ಪಿಲ್ಲ, ಹಣ್ಣೂ ಹೆಚ್ಚಿನದ್ದು ಆಗುದಿಲ್ಲ. ಹೆಸರುಬೇಳೆ, ಉದ್ದು, ಜೀರಿಗೆ, ಒಳ್ಳೆಮೆಣಸು, ಮಾವಿನಕಾಯಿ, ಇಷ್ಟರಲ್ಲೇ ಅಡಿಗೆ. ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋಗುವಾಗ ಕೃಷ್ಣದೇವರಿಗೆ ಹೇಳಿದ್ದೆ ಅಕ್ಕ, ಹೊರಗೆ ಬಂದ್ರೆ ವ್ರತ ಬಿಡುದಿಲ್ಲ ಅಂತ. ಎರಡು ವರ್ಷ ಇವ್ರು ಬೇಡ ಅಂದ್ರು. ಮೂರನೇದೂ ತಪ್ಪಿಸಿದ್ರೆ ನಂಗೆ ಸರಿ ಕಾಣುದಿಲ್ಲ.”

ನಮ್ಮ ಮನೆತನದಲ್ಲಿ ಈ ವ್ರತಗಳಿಲ್ಲ. ನಾನು ಚುಡಾಯಿಸಿದೆ, “ನಿನ್ ಬಸಳೆ ಮಾಸಿ ಒಂದ್ ತಿಂಗಳು ಉಪವಾಸ ಬೀಳ್ತಾಳೆ ಕಣೇ.” ಅವಳು ನಕ್ಕಳು. “ಡಾಕ್ಟ್ರಿಗೆ ಹೇಳ್ದೆ ಮಾಡ್ಬೇಡ” ಎಂದೂ ಹೇಳಿದೆ. ಅಷ್ಟನ್ನು ಹೇಳಿದ್ದೆ ಎಂಬುದೊಂದೇ ಇವತ್ತು ನನ್ನ ಪರವಾಗಿರುವ ಮಾತು.

ಮಾರನೆಯ ದಿನ ಬೆಳಿಗ್ಗೆ ಹೋಟೆಲಿನಲ್ಲಿ ನಾನು ದೋಸೆ ತಿನ್ನುತ್ತಿದ್ದೆ. ಸುಗುಣಾ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಹಿಡಿದುಕೊಂಡು ನಿಂತಿದ್ದಳು. ಭಟ್ಟರು ಕ್ಲಿನಿಕ್ಕಿಗೆ ಫೋನು ಮಾಡಿದರು. ಕಿವಿ ಸ್ವಲ್ಪ ಮಂದ, ಆದ್ದರಿಂದ ಅವರ ಫೋನು ಯಾವಾಗಲೂ ಸ್ಪೀಕರಿನಲ್ಲಿ. ಸುಗುಣಾ “ಇವ್ರೇ, ನಾನೇ ಹೇಳ್ಲಾ?” ಎಂದಳು. “ನೀ ಸುಮ್ಮನಿರು, ನಾನು ಹೇಳ್ತೇನೆ” ಎಂದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಪೇಪರು ಓದುವ ಬಂಗಾಳಿಯಲ್ಲಿ, ನನ್ನ ಸ್ತ್ರೀ ನಾಳೆಯಿಂದ ಒಂದು ಮಾಸ ‘ಶಾಕ್ ಬ್ರತೋ’ ಪಾಲಿಸುತ್ತಾಳೆ ಎಂದರು.

“ಶಾಕ್? ಒಂದು ತಿಂಗಳು ಪೂರ್ತಿಯಾ ಕಾಕು? ಪೂಯಿ, ಪಾಲೋಂಗ್ ಎಲ್ಲ?” ಎಂದಳು ಕ್ಲಿನಿಕ್ಕಿನ ಹುಡುಗಿ. ಭಟ್ಟರನ್ನು ಅವಳು ಕಾಕು, ಎಂದರೆ ಚಿಕ್ಕಪ್ಪ, ಎಂದೇ ಕರೆಯುವುದು.

“ಎಲ್ಲ. ಸಮಸ್ತ ಶಾಕ್” ಎಂದರು ಭಟ್ಟರು, ಹೆಮ್ಮೆಯಿಂದ.

ಹುಡುಗಿ, ಹಾಗಾದರೆ ಮಾತ್ರೆಯನ್ನು ಒಂದರಿಂದ ಒಂದೂವರೆ ಮಾಡಿ, ಹದಿನೈದು ದಿನ ಬಿಟ್ಟು ಪರೀಕ್ಷೆಗೆ ಬನ್ನಿ ಎಂದಳು. ಭಟ್ಟರು ಕಾರ್ಡಿನಲ್ಲಿ ‘೧½’ ಎಂದು ಬರೆದುಕೊಂಡರು. ನಾನು “ಏನ್ರೀ ಭಟ್ರೇ, ಬಂಗಾಳಿ ಪಂಡಿತ್ರು ನೀವು” ಎಂದು ಹಾಸ್ಯ ಮಾಡಿ ಇನ್ನೊಂದು ದೋಸೆ ಹೇಳಿದೆ. ಸೊಪ್ಪು ಬಿಟ್ಟರೆ ಮಾತ್ರೆ ಕಡಿಮೆ ಮಾಡಬೇಕಲ್ಲವೇ, ಈ ಹುಡುಗಿ ಹೆಚ್ಚು ಮಾಡಿದಳಲ್ಲ ಎಂದು ನನಗೆ ಹೊಳೆಯಲಿಲ್ಲ. ಹೊಳೆಯುವಷ್ಟು ನನಗೆ ಗೊತ್ತಿತ್ತು, ಮೂರು ವರ್ಷ ಅದನ್ನೇ ಕೇಳಿದ್ದೆ. ನನ್ನ ಗಮನ ಚಟ್ನಿಯ ಮೇಲಿತ್ತು.

ವ್ರತದ ಹತ್ತನೆಯ ದಿನ ಅವಳ ಒಸಡಿನಲ್ಲಿ ರಕ್ತ ಬಂತು. ಗಟ್ಟಿ ಬ್ರಷ್ಷು ಎಂದಳು. ತೋಳಿನ ಮೇಲೆ ಬದನೆಯ ಬಣ್ಣದ ಕಲೆ ಎದ್ದಿತು. ಪಾತ್ರೆ ತಾಗಿರಬೇಕು ಎಂದಳು. ಹನ್ನೊಂದನೆಯ ದಿನ ಅಡುಗೆಮನೆಯ ಒದ್ದೆ ನೆಲದಲ್ಲಿ ಕಾಲು ಜಾರಿ, ಬಲ ಪಕ್ಕೆ ರುಬ್ಬುವ ಯಂತ್ರದ ಮೂಲೆಗೆ ಬಡಿಯಿತು. ನಾನೋ ನೀವೋ ಬಿದ್ದಿದ್ದರೆ ನೋವಿನೆಣ್ಣೆ ಹಚ್ಚಿಕೊಂಡು ಬೈದುಕೊಂಡು ಇರುವಂಥ ಪೆಟ್ಟು. ಅವಳೂ ಹಾಗೇ ಮಾಡಿದಳು. ಹದಿಮೂರನೆಯ ದಿನ ಮಧ್ಯಾಹ್ನ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು ನಿಂತಳು. ಮೂರು ವರ್ಷದ ಮೇಲೆ ಅದನ್ನು ನೋಡಿ ಓಡಿಹೋಗಿ ಅವಳ ತೋಳು ಹಿಡಿದೆ. ಮುಖ ಬಿಳುಚಿತ್ತು, ತುಟಿ ಬಿಳುಚಿತ್ತು. “ಉಸಿರು ಅರ್ಧಕ್ಕೇ ನಿಲ್ತದೆ ಅಕ್ಕ” ಎಂದಳು.

ಆಪರೇಷನ್ ಆದ ದೊಡ್ಡ ಆಸ್ಪತ್ರೆಗೇ ಒಯ್ದೆವು. ಬಲಗಡೆಯ ಎದೆಗೂಡಿನೊಳಗೆ, ಶ್ವಾಸಕೋಶದ ಹೊರಗೆ, ರಕ್ತ ತುಂಬಿಕೊಂಡಿತ್ತು. ಪಕ್ಕೆಲುಬುಗಳ ನಡುವೆ ಕೊಳವೆ ಹಾಕಿದಾಗ ಒಂದೂವರೆ ಲೀಟರು ಬಂತಂತೆ. ರಕ್ತದ ಅಂಕಿ ಹತ್ತನ್ನು ದಾಟಿತ್ತು. ತುರ್ತು ವಿಭಾಗದ ಡಾಕ್ಟರು ಹಳದಿ ಕಾರ್ಡು ತಿರುವಿ, ಮಾತ್ರೆ ಹೆಚ್ಚು ಮಾಡಿದ್ದು ಯಾಕೆ ಎಂದು ಭಟ್ಟರನ್ನು ಕೇಳಿದರು. ಭಟ್ಟರು ಶಾಕ್ ಬ್ರತೋ ವಿಷಯ ಹೇಳಿದರು.

“ಹಾಗಾದರೆ ಇವರು ಸಿಕ್ಕಾಪಟ್ಟೆ ಸೊಪ್ಪು ತಿಂದಿದ್ದಾರೆ. ರಕ್ತ ಗಟ್ಟಿಯಾಗಿರಬೇಕಿತ್ತಲ್ಲ?”

“ತಿಂದಿಲ್ಲ. ಹದಿಮೂರು ದಿನದಿಂದ ಒಂದೆಲೆಯೂ ತಿಂದಿಲ್ಲ. ಶಾಕ್ ಬ್ರತೋ ಅಲ್ಲವೇ?”

“ಶಾಕ್ ಬ್ರತೋ ಎಂದರೆ ಶಾಕ್ ಬಿಡುವುದಾ?” ಎಂದರು ಡಾಕ್ಟರು.

ಈ ಊರಿನಲ್ಲಿ ದೀಪಾವಳಿಯ ಹಿಂದಿನ ದಿನ ಹದಿನಾಲ್ಕು ಬಗೆಯ ಶಾಕ್ ಹುಡುಕಿ ತಂದು, ಶಾಸ್ತ್ರವೆಂದು ತಿನ್ನುತ್ತಾರೆ. ಇವರ ಕಿವಿಗೆ ಶಾಕಿನ ವ್ರತವೆಂದರೆ ಶಾಕನ್ನು ತಿನ್ನುವ ವ್ರತ. ಉಡುಪಿಯವರಿಗೆ ಬಿಡುವ ವ್ರತ. ಕ್ಲಿನಿಕ್ಕಿನ ಹುಡುಗಿ ತಿಂಗಳಿಡೀ ಸೊಪ್ಪು ತಿನ್ನುವವಳಿಗೆ ಬೇಕಾದಷ್ಟು ಮಾತ್ರೆ ಹೇಳಿದ್ದಳು. ಸೊಪ್ಪೇ ಮುಟ್ಟದವಳು ಅದನ್ನು ನುಂಗಿದ್ದಳು. ಭಟ್ಟರು ಕಾರ್ಡು ಹಿಡಿದುಕೊಂಡು ನಿಂತೇ ಇದ್ದರು.

ಮಂಚದ ಮೇಲಿದ್ದ ಸುಗುಣಾಳಿಗೆ ಎಲ್ಲ ಕೇಳಿಸಿತ್ತು. ಅವಳ ದನಿಯಲ್ಲಿ ಆರೋಪವಿರಲಿಲ್ಲ, ಅಡುಗೆಗೆ ಉಪ್ಪು ಸಾಲದು ಎಂದು ಹೇಳುವಷ್ಟೇ ಸಹಜವಾಗಿ ಹೇಳಿದಳು: “ಖಾಬೋ ನಾ ಅಂತ ಹೇಳಿದ್ರೆ ಆಗ್ತಿತ್ತು ಇವ್ರೇ.”

ಅವತ್ತಿನಿಂದ ಮುಂದಿನ ಒಂಬತ್ತು ದಿನ ನಾವು ಬದುಕಿದ್ದು ಎರಡು ಭಯಗಳ ನಡುವೆ. ರಕ್ತ ನಿಲ್ಲಬೇಕಾದರೆ ಹೆಪ್ಪುಗಟ್ಟಿಸುವ ಔಷಧ ಕೊಡಬೇಕು, ಕೊಟ್ಟರೆ ಕವಾಟಕ್ಕೆ ಹೆಪ್ಪು ಕಟ್ಟಬಹುದು. ಕೊಡದಿದ್ದರೆ ಎದೆಯೊಳಗೆ ಸೋರುತ್ತಲೇ ಇರುತ್ತದೆ. ಕೊಟ್ಟರು. ಸೋರುವುದು ನಿಂತಿತು. ಆದರೆ ಒಳಗುಳಿದ ರಕ್ತ ಗಡ್ಡೆಗಟ್ಟಿ ಶ್ವಾಸಕೋಶವನ್ನು ಅದುಮಿ ಹಿಡಿದಿತ್ತು, ಕೊಳವೆಯಲ್ಲಿ ಬರುತ್ತಿರಲಿಲ್ಲ. ಮೂರನೆಯ ದಿನ ಪಕ್ಕೆಯಲ್ಲಿ ಮೂರು ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಉಪಕರಣ ಹಾಕಿ, ಗಡ್ಡೆಯನ್ನು ತುಂಡು ತುಂಡಾಗಿ ತೆಗೆದರು. ಶ್ವಾಸಕೋಶ ಅರಳಿತು. ದೀಕ್ಷಾ ನನ್ನನ್ನು ತಬ್ಬಿಕೊಂಡು “ಆಂಟಿ, ಲಂಗ್ ಓಪನ್ ಆಯ್ತಂತೆ, ಅಮ್ಮ will be ಠೀಕ್” ಎಂದು ಅತ್ತಳು. ಅವಳ ಕನ್ನಡವನ್ನು ತಿದ್ದುವ ಮನಸ್ಸಾಗಲಿಲ್ಲ.

ಡಾಕ್ಟರುಗಳು ಹೆದರಿ ಹೆದರಿ, ಹನಿ ಹನಿಯಾಗಿ, ರಕ್ತ ತೆಳು ಮಾಡುವ ಔಷಧವನ್ನು ಮತ್ತೆ ಶುರು ಮಾಡಿದರು. ಮರುದಿನವೇ ಕೊಳವೆಯಲ್ಲಿ ಕೆಂಪು ಬಂತು, ನಿಲ್ಲಿಸಿದರು. ಮತ್ತೆ ಶುರು, ಮತ್ತೆ ಕೆಂಪು, ಮತ್ತೆ ನಿಲ್ಲಿಸಿದರು. ನಾನು ದಿನಾ ಸಂಜೆ ನಾಲ್ಕಕ್ಕೆ ಹೋಗಿ, ಬಿಟ್ಟ ಹತ್ತು ನಿಮಿಷದಲ್ಲಿ ಅವಳ ಎದೆಯ ಹತ್ತಿರ ಕಿವಿಯಿಟ್ಟು ಕೂರುತ್ತಿದ್ದೆ. ಟಿಕ್, ಟಿಕ್ ಎಂದು ಕೇಳಿದರೆ ಹೊರಗೆ ಬಂದು ಭಟ್ಟರಿಗೆ “ನಡೀತಿದೆ” ಎನ್ನುತ್ತಿದ್ದೆ. ಅವರು ಒಳಗೆ ಬರುತ್ತಿರಲಿಲ್ಲ. ಕಾರಿಡಾರಿನ ಬೆಂಚಿನಲ್ಲಿ ಹಳದಿ ಕಾರ್ಡು ಹಿಡಿದು ಕೂತಿರುತ್ತಿದ್ದರು. ಬಂಗಾಳಿಯಲ್ಲಿ ಯಾರು ಏನು ಕೇಳಿದರೂ ದೀಕ್ಷಾಳ ಕಡೆ ಕೈ ತೋರಿಸುತ್ತಿದ್ದರು. ಕ್ಲಿನಿಕ್ಕಿಗೆ ಹೋಗಿ ಆ ಹುಡುಗಿಗೆ ನಾಲ್ಕು ಮಾತಾಡಿ ಬರುತ್ತೇನೆ ಎಂದು ನಾನು ಹಾರಾಡಿದಾಗ, ಒಂದೇ ಮಾತು ಹೇಳಿದರು. “ಅವಳು ಎಂತ ಮಾಡ್ಲಿ ಅಕ್ಕ? ಕೇಳಿದ್ದಕ್ಕೆ ಸರಿಯಾಗಿ ಹೇಳಿದ್ದಾಳೆ. ತಪ್ಪು ಹೇಳಿದ್ದು ನಾನು.” ಅವರ ಮೇಲೆ ನನಗೆ ಸಿಟ್ಟು ಕುದಿಯುತ್ತಿತ್ತು, ಆದರೂ ದಿನಾ ಅವರಿಗೆ ಫ್ಲಾಸ್ಕಿನಲ್ಲಿ ಕಾಫಿ ಒಯ್ಯುತ್ತಿದ್ದೆ.

ಎಂಟನೆಯ ಸಂಜೆ ಕಿವಿಯಿಟ್ಟೆ. ಸದ್ದು ಮಂಕಾಗಿತ್ತು. ಯಾರೋ ಅದಕ್ಕೆ ಹತ್ತಿ ಸುತ್ತಿಟ್ಟಂತೆ. ಇನ್ನೊಮ್ಮೆ ಇಟ್ಟೆ. ಇಷ್ಟು ವರ್ಷ ನಾಚಿ ಸೆರಗು ಹೊದೆಯುತ್ತಿದ್ದವಳು ಈಗ ತಾನೇ ಹೊದಿಕೆ ಸರಿಸಿ, “ಕೇಳ್ತದಾ ಅಕ್ಕ?” ಎಂದಳು. ನಾನು ಸುಳ್ಳು ಹೇಳಿದೆ. “ಕೇಳ್ತಿದೆ ಕಣೇ” ಎಂದೆ. ಹೊರಗೆ ಬಂದು ನರ್ಸಿನ ಕೈ ಹಿಡಿದು ಎಳೆದುಕೊಂಡು ಹೋದೆ.

ಕವಾಟದ ಒಂದು ರೆಕ್ಕೆ ಹೆಪ್ಪಿನಲ್ಲಿ ಸಿಕ್ಕಿ ನಿಂತುಬಿಟ್ಟಿತ್ತು. ಹೆಪ್ಪನ್ನು ಕರಗಿಸುವ ಔಷಧವಿದೆ, ಆದರೆ ಅದನ್ನು ಕೊಟ್ಟರೆ ಪಕ್ಕೆಯ ಹಸಿ ಗಾಯವೆಲ್ಲ ಮತ್ತೆ ಹರಿಯುತ್ತದೆ. ಉಳಿದದ್ದು ಎದೆಯನ್ನು ಮತ್ತೆ ತೆರೆಯುವುದು. ಎರಡನೆಯ ಸಲ ತೆರೆಯುವಾಗ ಹೃದಯ ಮೂಳೆಗೇ ಅಂಟಿಕೊಂಡಿರುತ್ತದೆ, ಗರಗಸ ಒಂದು ಕೂದಲೆಳೆ ಹೆಚ್ಚು ಇಳಿದರೂ ಕಷ್ಟ. ಆದ್ದರಿಂದ ಮೊದಲೇ ತೊಡೆಯ ನಾಳದಿಂದ ಯಂತ್ರಕ್ಕೆ ಜೋಡಿಸಿಕೊಳ್ಳುತ್ತೇವೆ ಎಂದರು ಸರ್ಜನ್, ಹಿಂದಿನವರೇ. ಈ ಸಲ ತೊಂಬತ್ತಾರು ಎನ್ನಲಿಲ್ಲ. ಇಂಥ ಸ್ಥಿತಿಯಲ್ಲಿ ನೂರರಲ್ಲಿ ಅರವತ್ತೈದು ಎಪ್ಪತ್ತು ಮಂದಿ ಎಂದರು. ನಾಳೆ ಬೆಳಿಗ್ಗೆಯೇ ಮಾಡಬೇಕು. ಯಾವ ಕವಾಟ ಹಾಕಲಿ? ಮೆತ್ತನೆಯದಾದರೆ ಮೂರು ತಿಂಗಳ ಮೇಲೆ ಈ ಮಾತ್ರೆಯ ಕಾಟ ಇರುವುದಿಲ್ಲ. ಹೇಳಿ, ಎಂದು ಭಟ್ಟರನ್ನು ನೋಡಿದರು.

ಭಟ್ಟರು ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ, ಕನ್ನಡದಲ್ಲೇ, “ನಂಗೆ ಗೊತ್ತಿಲ್ಲ. ಅವಳನ್ನೇ ಕೇಳಿ” ಎಂದರು. ದೀಕ್ಷಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.

ಡಾಕ್ಟರು ಒಳಗೆ ಹೋಗಿ ಸುಗುಣಾಳ ಮಂಚದ ಹತ್ತಿರ ಬಗ್ಗಿ ನಿಂತರು. ನಾನೂ ನುಗ್ಗಿದೆ. ಅವಳು ಆಮ್ಲಜನಕದ ಮುಖವಾಡ ಸರಿಸಿ ಅವರನ್ನೇ ನೋಡಿದಳು.

“ಗೋರು?” ಎಂದಳು.

“ಹ್ಞಾಂ ದೀದಿ, ಗೋರು.”

“ನೇಬೋ” ಎಂದಳು ಸುಗುಣಾ. ಸ್ಟೇಷನ್ನಿನ ಮೆಟ್ಟಿಲಲ್ಲಿ ಬಸಳೆಯ ಕಟ್ಟನ್ನು ಆರಿಸಿ ಹೇಳುವಾಗಿನ ದನಿ ಅದೇ. ಆಮೇಲೆ ನನ್ನ ಕೈ ಹಿಡಿದು, “ಇಷ್ಟು ವರ್ಷ ಅದರ ಹಾಲು ಕುಡ್ದಾಗಿದೆ ಅಕ್ಕ, ಇನ್ನೆಂತ ಮಡಿ? ನಂಗೆ ಬದುಕ್ಬೇಕು” ಎಂದಳು. ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಿಡಿಸಿಕೊಳ್ಳಲು ನರ್ಸು ಬರಬೇಕಾಯಿತು.

ಬೆಳಿಗ್ಗೆ ಎಂಟಕ್ಕೆ ಒಳಗೆ ಒಯ್ದರು. ಭಟ್ಟರು ಸ್ಟ್ರೆಚರಿನ ಪಕ್ಕ ನಡೆಯುತ್ತಾ ಏನೋ ಹೇಳಲು ನೋಡಿದರು. ಅವಳೇ “ಸುಮ್ಮನಿರಿ, ನಾನು ಬರ್ತೇನೆ” ಎಂದಳು. ಹನ್ನೆರಡಾಯಿತು, ಎರಡಾಯಿತು. ನಮ್ಮ ಯಜಮಾನರು ತಂದ ಅನ್ನವನ್ನು ಯಾರೂ ಮುಟ್ಟಲಿಲ್ಲ. ನಾನು ನಂಬದ ದೇವರುಗಳನ್ನೂ ಕರೆದೆ, ಅವಳ ಕೃಷ್ಣನಿಗೆ ಬಾಯಿಗೆ ಬಂದಂತೆ ಬೈದೆ. ಮೂರೂ ಮುಕ್ಕಾಲಿಗೆ ಸರ್ಜನ್ ಹೊರಗೆ ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಭಟ್ಟರ ಮುಂದೆ ನಿಂತು ಬಂಗಾಳಿಯಲ್ಲಿ ನಿಧಾನವಾಗಿ ಹೇಳಿದರು. ಭಟ್ಟರು ತಲೆಯಾಡಿಸುತ್ತಾ ಪೂರ್ತಿ ಕೇಳಿಸಿಕೊಂಡು, ಅಭ್ಯಾಸದಂತೆ ನನ್ನ ಕಡೆ ತಿರುಗಿ ಅನುವಾದ ಮಾಡಿದರು.

“ಕವಾಟ ಕೂತಿದೆ ಅಂತೆ ಅಕ್ಕ, ಚೆನ್ನಾಗಿ ಕೂತಿದೆ ಅಂತೆ. ಯಂತ್ರದಿಂದ ಬಿಡಿಸಿದ್ರೆ ಹೃದಯ ಹಿಡ್ಕೊಳ್ಳಿಲ್ಲ ಅಂತೆ. ಮೂರು ಸಲ ನೋಡಿದ್ರಂತೆ.”

ದೀಕ್ಷಾ “ಅಮ್ಮ!” ಎಂದು ಕಿರುಚಿದಳು. ಮಾರನೆಯ ದಿನ ಕಾಳೀಘಾಟಿನ ಆಚೆಯ ಸ್ಮಶಾನದಲ್ಲಿ ಎಲ್ಲ ಮುಗಿಯಿತು. ಸ್ಟೇಷನ್ನಿನ ಬಸಳೆ ಮಾಸಿ ಯಾರಿಂದ ಕೇಳಿ ತಿಳಿದಳೋ, ಅಲ್ಲಿಗೆ ಬಂದು ಗೋಡೆಯ ಪಕ್ಕ ಕೂತಿದ್ದಳು.

ಅವಳು ಹೋದ ಒಂಬತ್ತನೆಯ ದಿನ ನಾನು ಭಟ್ಟರ ಮನೆಗೆ ಹೋದೆ. ಪಂಚಾಂಗದಲ್ಲಿ ಅವತ್ತಿಗೆ ಶಾಕ ವ್ರತದ ತಿಂಗಳು ಮುಗಿಯುತ್ತದೆ ಎಂದು ಅವರೇ ಹೇಳಿದರು. ತಲೆ ಬೋಳಿಸಿಕೊಂಡಿದ್ದರು, ಸಣ್ಣಗಾಗಿದ್ದರು. ದೀಕ್ಷಾ ಒಳಗೆ ಮಲಗಿದ್ದಳು. ಗೋಡೆಯ ಮೊಳೆಯಲ್ಲಿ ಸುಗುಣಾಳ ಸೊಪ್ಪಿನ ಚೀಲ ಹಾಗೇ ನೇತಾಡುತ್ತಿತ್ತು. ಇಬ್ಬರೂ ಕೂತಿದ್ದಾಗ ಭಟ್ಟರ ಫೋನು ಬಡಿದುಕೊಂಡಿತು. ಎಂದಿನಂತೆ ಸ್ಪೀಕರಿನಲ್ಲಿ.

“ಕಾಕು!” ಕ್ಲಿನಿಕ್ಕಿನ ಹುಡುಗಿಯ ನಗುನಗುವ ದನಿ. ಪರೀಕ್ಷೆಗೆ ಯಾಕೆ ಬರಲಿಲ್ಲ, ಎರಡು ಸಲ ಫೋನು ಮಾಡಿದೆ, ನೀವು ಎತ್ತಲಿಲ್ಲ, ಕಾಕಿಮಾ, ಎಂದರೆ ಚಿಕ್ಕಮ್ಮ, ಸಿಕ್ಕಿದರೆ ಜಗಳವಾಡುತ್ತೇನೆ ಎಂದಳು. ತಿಂಗಳಾಯಿತಲ್ಲ, ಕಾಕಿಮಾ ಇನ್ನೂ ಶಾಕ್ ತಿನ್ನುತ್ತಿದ್ದಾರೆಯೇ ಎಂದು ಕೇಳಿದಳು.

ನಾನು ಫೋನು ಕಿತ್ತುಕೊಳ್ಳಲು ಕೈ ಚಾಚಿದೆ. ಭಟ್ಟರು ಬೇಡವೆಂದು ಕೈ ಅಡ್ಡ ಹಿಡಿದರು. ಗಂಟಲು ಸರಿಮಾಡಿಕೊಳ್ಳಲಿಲ್ಲ, ದೊಡ್ಡ ಶಬ್ದ ಹುಡುಕಲಿಲ್ಲ. ಹೆಂಡತಿಯ ನಾಲ್ಕು ಮಾತುಗಳಿಂದಲೇ ಒಂದನ್ನು ಎತ್ತಿಕೊಂಡರು.

“ಓ ಆರ್ ಖಾಬೇ ನಾ” ಎಂದರು. ಅವಳು ಇನ್ನು ತಿನ್ನುವುದಿಲ್ಲ.

“ಖೂಬ್ ಭಾಲೋ, ತುಂಬ ಒಳ್ಳೆಯದಾಯಿತು ಕಾಕು! ಹಾಗಾದರೆ ಮಾತ್ರೆ ಮೊದಲಿನಂತೆ ಒಂದೇ ಮಾಡಿ. ನಾಳೆಯಿಂದಲೇ” ಎಂದು ಹುಡುಗಿ ಸಂತೋಷದಿಂದ ಫೋನಿಟ್ಟಳು.

ಭಟ್ಟರು ಹಳದಿ ಕಾರ್ಡು ಎಳೆದುಕೊಂಡು, ತಾರೀಕಿನ ಮುಂದೆ ‘೧’ ಎಂದು ಬರೆದರು. ಪೆನ್ನಿನ ಮುಚ್ಚಳ ಹಾಕಿ ನನ್ನ ಮುಖ ನೋಡಿದರು.

“ಈ ಸಲ ಸರಿಯಾಗಿ ಹೇಳಿದೆ ಅಲ್ವಾ ಅಕ್ಕ?”

“ಸರಿಯಾಗೇ ಹೇಳಿದ್ರಿ ಭಟ್ರೇ” ಎಂದೆ. ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ.